ಮೇಲಿನ ಕಟ್ಟೆಯ ಟ್ರೈಲರ್

“ಚಮಚ ಎಷ್ಟು ತಗೊಂಡು ಹೋಗ್ಬೇಕು?” ಎಂದು ಗರಗಸ ಕೇಳಿದಳು.

“ಒಬ್ಬೊಬ್ಬರಿಗೆ ಎರಡೆರಡು,” ಎಂದ ಆರ್ಕಿಟೆಕ್ಟ್, ಒಂದಿಷ್ಟೂ ತಡಮಾಡದೆ. “ಒಂದು ಊಟಕ್ಕೆ. ಇನ್ನೊಂದು, ಮೊದಲನೇದು ನೀರಿಗೆ ಬಿದ್ಮೇಲೆ.”

ಗರಗಸ ಭಕ್ತಿಯಿಂದ ತಲೆಯಾಡಿಸಿದಳು. ನೀರಿಗೆ ಬೀಳಲಿರುವ ಚಮಚಕ್ಕೂ ಬದಲಿ ವ್ಯವಸ್ಥೆ ಮಾಡುವ ಮಹಾನುಭಾವ ಇವನು. ಸ್ವಂತ ತಂಗಿಯ ಗಂಡ ಅದೇ ನೀರಿನಲ್ಲಿ ಕಾಣೆಯಾಗಿ ಇನ್ನೂ ವಾರ ತುಂಬಿಲ್ಲ, ಇವನು ಇಸ್ತ್ರಿ ಮುರಿಯದ ಅಂಗಿ ತೊಟ್ಟು, ಪೆನ್ಸಿಲ್ ಚೂಪು ಮಾಡಿಕೊಂಡು, ನದಿಯ ನಕಾಶೆಯ ನಾಲ್ಕು ಮೂಲೆಗೂ ಸಮವಾಗಿ ಭಾರ ಇಟ್ಟು ಕೂತಿದ್ದಾನೆ.

ಗರಗಸ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೊಲೀಸ್ ಇಲಾಖೆಯಲ್ಲಿದ್ದಾಗ ಅವಳ ನಾಲಿಗೆಗೆ ಸಿಕ್ಕಿ ಸೀಳಿಹೋದವರೆಲ್ಲ ಸೇರಿ ಇಟ್ಟದ್ದು. ನಿವೃತ್ತಿಯಾದ ಮೇಲೂ ಹೆಸರು ಬಿಟ್ಟುಹೋಗಲಿಲ್ಲ, ನಾಲಿಗೆ ಮೊಂಡಾಗಲೂ ಇಲ್ಲ. ಇಂದು ಮಾತ್ರ ಅವಳು ಅದನ್ನು ಬಾಯೊಳಗೇ ಮಡಿಸಿಟ್ಟುಕೊಂಡು ಬಂದಿದ್ದಳು.

ಕಳೆದ ಶನಿವಾರ ಬೆಳಿಗ್ಗೆ ಆ ತಂಗಿಯ ಗಂಡ, ಊರಿನ ಹಲ್ಲಿನ ಡಾಕ್ಟರು, ತಮ್ಮ ಪುಟ್ಟ ಹಾಯಿದೋಣಿಯಲ್ಲಿ ಅವಳ ತಮ್ಮನನ್ನು ಕೂರಿಸಿಕೊಂಡು ನದಿಗಿಳಿದಿದ್ದರು. ಸಂಜೆಯ ಹೊತ್ತಿಗೆ ದೋಣಿ ಹಳೇ ಸೇತುವೆಯ ಬಳಿ ಮಗುಚಿಕೊಂಡು ಸಿಕ್ಕಿತು, ತಮ್ಮ ದಡದ ಮರದಡಿ ಕುಡಿದು ಮಲಗಿದ್ದಲ್ಲಿ ಸಿಕ್ಕಿದ, ಡಾಕ್ಟರು ಮಾತ್ರ ಸಿಗಲಿಲ್ಲ.

ದೋಣಿಯಲ್ಲಿದ್ದದ್ದು ಇಬ್ಬರೇ, ಒಬ್ಬ ಉಳಿದಿದ್ದಾನೆ, ಆದ್ದರಿಂದ ಉಳಿದವನೇ ಕೊಲೆಗಾರ. ಠಾಣೆಯ ಇನ್ಸ್‌ಪೆಕ್ಟರ್ ಇಷ್ಟಕ್ಕೇ ಕೇಸು ಮುಗಿಸಿ ಕೈ ತೊಳೆದುಕೊಳ್ಳಲು ಹೊರಟಿದ್ದ. ಒಂದು ಕಾಲದಲ್ಲಿ ಅವಳ ಫೈಲು ಹೊತ್ತು ತಿರುಗಿದ ಹುಡುಗ. ಆಗಲೂ ಮೊದಲ ಹಾಳೆ ಓದಿ ಕೊನೆಯ ಹಾಳೆಗೆ ಸಹಿ ಹಾಕುತ್ತಿದ್ದ.

“ಕೊಲೆ ಮಾಡೋಕೆ ಸ್ವಲ್ಪವಾದ್ರೂ ಬುದ್ಧಿ ಬೇಕು ಕಣಯ್ಯ,” ಎಂದು ಬೆಳಿಗ್ಗೆ ಅವನಿಗೆ ಹೇಳಿದ್ದಳು. “ಇವನು ಹಲ್ಲುಜ್ಜೋದನ್ನೇ ಮರೀತಾನೆ. ಕೊಲೆ ನೆನಪಿಟ್ಕೊಂಡು ಮಾಡ್ತಾನಾ? ಎರಡು ದಿನದ ಪ್ರಯಾಣಕ್ಕೆ ಒಂದೇ ಚಪ್ಪಲಿ ಹಾಕ್ಕೊಂಡು ಹೊರಟ ಪ್ರಾಣಿ ಇದು.”

ತಮ್ಮ ಲಾಕಪ್ಪಿನ ಕಂಬಿಯಾಚೆ ಕೂತು, ಬೇರೆ ಯಾರನ್ನೋ ಬೈಯುತ್ತಿದ್ದಾರೆ ಎಂಬಂತೆ ಕೇಳಿಸಿಕೊಳ್ಳುತ್ತಿದ್ದ. ನಲವತ್ತು ದಾಟಿದ ಆಸಾಮಿ. ಕೈ ಹಾಕಿದ ಕೆಲಸ ಒಂದೂ ದಡ ಸೇರಿಲ್ಲ. ಹೆಂಡತಿ ಬಿಟ್ಟುಹೋದಳು, ಅಂಗಡಿ ಮುಚ್ಚಿಹೋಯಿತು, ಅಕ್ಕನ ಮನೆಯ ಸೋಫಾ ಒಂದು ಕಡೆ ತಗ್ಗಾಯಿತು. ಅವನನ್ನು ಬೈಯುವ ಹಕ್ಕು ಲೋಕದಲ್ಲಿ ತನಗೊಬ್ಬಳಿಗೇ ಇರುವುದು ಎಂದು ಗರಗಸ ನಂಬಿದ್ದಳು. ಬೇರೆಯವರು ಅವನ ಮೇಲೆ ಕೈ ಮಾಡಿದರೆ ಅವಳ ರಕ್ತ ಕುದಿಯುತ್ತಿತ್ತು.

“ನಾನು ಜವಾಬ್ದಾರಿ. ಎಲ್ಲಿ ಮಲಗಿದ್ದ ಅಂತ ಇವನ ಕೈಲೇ ಜಾಗ ತೋರಿಸ್ಕೊಂಡು, ಸಂಜೆ ತಂದು ಒಪ್ಪಿಸ್ತೀನಿ,” ಎಂದು ಬರೆದುಕೊಟ್ಟು ಅವನನ್ನು ಹೊರಗೆ ತಂದಿದ್ದಳು. ಸಂಜೆಯೊಳಗೆ ನಿಜವಾದ ಕೊಲೆಗಾರನನ್ನು ಹಿಡಿದುಕೊಡದಿದ್ದರೆ ತಮ್ಮ ನಾಳೆ ಕೋರ್ಟಿಗೆ, ಅಲ್ಲಿಂದ ಜೈಲಿಗೆ. ಅವಳ ಹತ್ತಿರ ಇದ್ದದ್ದು ಆ ಒಂದು ಮಧ್ಯಾಹ್ನ.

ಈಗ ಅವನು ಕೆಳಗೆ ಅವಳ ಕಾರಿನಲ್ಲೇ ಕೂತಿದ್ದ. ಆರ್ಕಿಟೆಕ್ಟ್‌ನ ಆಫೀಸು ಇದ್ದದ್ದು ಮುಂದಕ್ಕೆ ದಾರಿಯಿಲ್ಲದ ಓಣಿಯ ತುದಿಯಲ್ಲಿ. ಎರಡು ಕಡೆಯೂ ಗೋಡೆ, ಒಂದು ಕಡೆ ಮರಳಿನ ಗುಡ್ಡೆ ಬೇರೆ. ಕಾರು ಒಳಗೆ ನುಗ್ಗಿಸುವಷ್ಟರಲ್ಲೇ ಗರಗಸ ಕನ್ನಡಿಯನ್ನು ಎರಡು ಸಲ ಗೋಡೆಗೆ ಉಜ್ಜಿದ್ದಳು. ಹಿಂದಕ್ಕೆ ತೆಗೆಯುವಾಗ ದೇವರೇ ಗತಿ ಎಂದುಕೊಂಡು, ಸೆಕೆಗೆ ಫ್ಯಾನ್ ಬೇಕಾದೀತು ಎಂದು ಕೀಲಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಬಿಟ್ಟರೇನು? ತಮ್ಮನಿಗೆ ರಿವರ್ಸ್ ಗೇರು ಯಾವ ಕಡೆ ಇದೆ ಎಂದೂ ಗೊತ್ತಿರಲಾರದು.

“ಆಮೇಲೆ?” ಎಂದಳು ಆರ್ಕಿಟೆಕ್ಟ್‌ನ ಕಡೆ ಬಾಗಿ. “ನಂಗೆ ಹಾಯಿದೋಣಿ ತಲೆಬುಡ ಗೊತ್ತಿಲ್ಲ ನೋಡಿ. ನನ್ನ ತಮ್ಮ ಎಲ್ಲಿ ಇಳಿದ, ಎಲ್ಲಿ ಮಲಗಿದ ಅಂತ ನದಿ ಕಡೆಯಿಂದಾನೇ ನೋಡ್ಬೇಕು. ಒಂದು ದೋಣಿ ಬಾಡಿಗೆಗೆ ಹೇಳಿದೀನಿ. ಡಾಕ್ಟರಿಗೆ ಪ್ಲಾನ್ ಹಾಕ್ಕೊಟ್ಟವರು ನೀವೇ ಅಂತೆ. ನಂಗೂ ಅದೇ ಹಾಕ್ಕೊಡಿ.”

ಆರ್ಕಿಟೆಕ್ಟ್‌ನ ಮುಖ ಅರಳಿತು. ಯಾರ ಮನೆಯಲ್ಲಿ ಸಾವಾದರೂ ಸರಿ, ನೆಂಟರ ಕಾರು ಎಲ್ಲೆಲ್ಲಿ ನಿಲ್ಲಬೇಕು ಎಂದು ನಕ್ಷೆ ಬರೆದುಕೊಡುವ ಜಾತಿ ಇದು. ಪ್ಲಾನ್ ಕೇಳಿದವರ ಮುಂದೆ ಇಂಥವರಿಗೆ ಬಾಯಿಗೆ ಬೀಗವಿರುವುದಿಲ್ಲ. ಗರಗಸ ನಂಬಿಕೊಂಡು ಬಂದದ್ದು ಅದನ್ನೇ.

“ನೋಡಿ, ನದೀಲಿ ಗಾಳಿ ನಾವು ಹೇಳಿದ ಹಾಗೆ ಬೀಸಲ್ಲ,” ಎಂದು ಶುರುಮಾಡಿದ. “ಬೆಳಿಗ್ಗೆ ಗಾಳಿ ಇರಲ್ಲ, ನೀರಿನ ಸೆಳೆತದಲ್ಲೇ ಹೋಗ್ಬೇಕು. ಮಧ್ಯಾಹ್ನ ಎದುರುಗಾಳಿ. ಆಗ ಅಡ್ಡಡ್ಡ ಹಾಯಿ ತಿರುಗಿಸ್ತಾ, ಈ ದಡ ಆ ದಡ ಮಾಡ್ತಾ ಹೋಗ್ಬೇಕು. ಸುಸ್ತಾಗತ್ತೆ. ಅದಕ್ಕೇ ಇಲ್ಲಿ, ಈ ದೊಡ್ಡ ಮರದ ಹತ್ರ, ಊಟಕ್ಕೆ ನಿಲ್ಲಿ.”

“ನನ್ನ ತಮ್ಮ ಇಳಿದದ್ದು ಅಲ್ಲೇ.”

“ಇಳಿದದ್ದು ಅಲ್ಲೇ, ಕುಡಿದದ್ದೂ ಅಲ್ಲೇ,” ಎಂದ ಆರ್ಕಿಟೆಕ್ಟ್. ಮೂಗಿನ ತುದಿಯಲ್ಲೇ ನಕ್ಕ. “ಕ್ಷಮಿಸಿ. ಅವನನ್ನ ಕರ್ಕೊಂಡು ಹೋಗ್ಬೇಡಿ ಅಂತ ನಾನು ಡಾಕ್ಟರಿಗೆ ಮೊದಲೇ ಹೇಳಿದ್ದೆ. ನನ್ನ ಪ್ಲಾನಲ್ಲಿ ನಾವು ಮೂರು ಜನ ಇದ್ವಿ. ನನ್ನ ಬೆನ್ನು ಹಿಡ್ಕೊಂಡ್ತು, ಉಳಿದದ್ದು ಅವರಿಬ್ಬರೇ.”

ಬೆನ್ನು. ಹೊರಡುವ ದಿನವೇ ಹಿಡಿದುಕೊಂಡು, ಮರುದಿನವೇ ಬಿಟ್ಟುಬಿಟ್ಟ ವಿಧೇಯ ಬೆನ್ನು. ಗರಗಸ ಅದನ್ನು ಗಮನಿಸಿದ್ದಳು. ಈಗ ನೆಟ್ಟಗೆ ಕೂತಿರುವ ರೀತಿ ನೋಡಿದರೆ ಕೋಲು ನುಂಗಿದವನ ಹಾಗಿದ್ದ.

“ಸೇತುವೆ ಹೇಗೆ ದಾಟೋದು?”

“ಕಂಬ ಮಲಗಿಸಿ. ಹಾಯಿ ಕಟ್ಟೋ ಕಂಬ ಈ ದೋಣೀಲಿ ಬುಡದಲ್ಲಿ ಮಡಿಸತ್ತೆ. ಸೇತುವೆಗೆ ಸಾಕಷ್ಟು ಮುಂಚೆ ದಡಕ್ಕೆ ತಂದು, ಇಬ್ಬರು ಹಿಡ್ಕೊಂಡು, ಹಿಂದಕ್ಕೆ ಮಲಗಿಸ್ಬೇಕು. ಒಬ್ಬನೇ ಮಾಡೋಕೆ ಹೋದ್ರೆ ಕೈ ಜಾರಿ ತಲೆ ಮೇಲೆ ಬೀಳತ್ತೆ.”

“ಡಾಕ್ಟರು ಒಬ್ಬರೇ ಮಾಡೋಕೆ ಹೋದ್ರಾ?”

“ನಂಗೇನು ಗೊತ್ತು. ಅವರಿಗೆ ಯಾರ ಸಹಾಯಾನೂ ಬೇಕಾಗಿರಲಿಲ್ಲ. ಎಲ್ಲರೂ ದಡ್ಡರು ಅವರ ಕಣ್ಣಿಗೆ. ನಾನು, ನಿಮ್ಮ ತಮ್ಮ, ಆಮೇಲೆ...” ಅವನು ಪಕ್ಕದ ಕೋಣೆಯ ಬಾಗಿಲ ಕಡೆ ನೋಡಿ ಮಾತು ನಿಲ್ಲಿಸಿದ.

ಆ ಕೋಣೆಯಲ್ಲಿ ಅವನ ತಂಗಿ ಇದ್ದಳು, ಡಾಕ್ಟರ ಹೆಂಡತಿ. ಗರಗಸ ಬಂದಾಗ ಬಾಗಿಲು ತೆಗೆದು, “ಅಣ್ಣ ಒಳಗಿದಾರೆ,” ಎಂದಷ್ಟೇ ಹೇಳಿ ಮರೆಯಾಗಿದ್ದಳು. ಡಾಕ್ಟರು ಅವಳನ್ನು ಮಾತನಾಡಿಸುತ್ತಿದ್ದ ರೀತಿ ಊರಿಗೇ ಗೊತ್ತಿತ್ತು. ಬಂದವರ ಮುಂದೆ, ರೋಗಿಗಳ ಮುಂದೆ, ಚೀಟಿ ಬರೆಯುವ ಹುಡುಗಿಯ ಮುಂದೆ ಹೆಂಡತಿಯನ್ನು ಕಸಕ್ಕಿಂತ ಕಡೆ ಮಾಡಿ ನಗುತ್ತಿದ್ದರು. ಅದನ್ನು ನೋಡಿ ನೋಡಿ ಅಣ್ಣನ ಹೊಟ್ಟೆ ಉರಿದಿರಬೇಕು. ಕೊಲೆಗೆ ಅಷ್ಟು ಸಾಕು. ಗರಗಸ ಅದಕ್ಕಿಂತ ಸಣ್ಣ ಉರಿಗೆ ಆದ ಕೊಲೆಗಳನ್ನು ನೋಡಿದ್ದಳು.

“ಕುಡಿಯೋ ನೀರು?” ಎಂದು ಅವನನ್ನು ಮತ್ತೆ ಹಳಿಗೆ ತಂದಳು.

ನೀರಿನ ಕ್ಯಾನು, ಹಗ್ಗ, ತೇಲುವ ಜಾಕೆಟ್ಟು, ಡಬ್ಬಿಯೊಳಗೆ ಬೆಂಕಿಪೊಟ್ಟಣ, ಆ ಡಬ್ಬಿ ಒದ್ದೆಯಾದರೆ ಇನ್ನೊಂದು ಡಬ್ಬಿ. ಸೊಳ್ಳೆಗೆ ಎಣ್ಣೆ, ಗಂಟಲಿಗೆ ಮಾತ್ರೆ, ಕೂತು ಕೂತು ನೋಯುವ ಜಾಗಕ್ಕೆ ದಿಂಬು. ಅವನು ಒಂದೊಂದಾಗಿ ಹೇಳುತ್ತಾ ಹೋದ. ಗರಗಸಳ ಕಣ್ಣು ಜಡವಾಗತೊಡಗಿದವು. ಡಾಕ್ಟರು ಈ ಪ್ರಯಾಣದಲ್ಲಿ ಸಾಯದಿದ್ದರೂ ಈ ಪ್ಲಾನು ಕೇಳಿಯೇ ಸಾಯುತ್ತಿದ್ದರು ಎನ್ನಿಸಿತು.

“ಇದೆಲ್ಲ ಹೊರಡೋ ದಿನದ್ದಾಯ್ತು,” ಎಂದಳು ಆಕಳಿಕೆ ನುಂಗಿ. “ಹಿಂದಿನ ದಿನ ಏನಾದ್ರೂ ಮಾಡೋದಿದ್ಯಾ?”

“ಹಿಂದಿನ ದಿನವೇ ಮುಖ್ಯ,” ಆರ್ಕಿಟೆಕ್ಟ್ ಪೆನ್ಸಿಲ್ ಎತ್ತಿದ. “ಎರಡು ಗಾಡಿ ಬೇಕು. ದೋಣಿ ಮೇಲಿನ ಕಟ್ಟೇಲಿ ನೀರಿಗಿಳಿಯತ್ತೆ, ಎರಡು ದಿನ ಆದ್ಮೇಲೆ ಕೆಳಗಿನ ಕಟ್ಟೇಲಿ ಮೇಲೆ ಬರತ್ತೆ. ಸೆಳೆತಕ್ಕೆ ಎದುರಾಗಿ ವಾಪಸ್ ಬರೋಕಾಗಲ್ಲ. ಹಾಗಾಗಿ ದೋಣಿ ಹೊರುವ ಟ್ರೈಲರ್ ಮೊದಲೇ ಕೆಳಗೆ ಹೋಗಿ ಕಾಯ್ತಿರ್ಬೇಕು. ನದಿಗೆ ಎರಡು ದಿನ, ರಸ್ತೆಗೆ ಒಂದು ಗಂಟೆ. ದೋಣಿ ಇಳಿಸಿದ ದಿನವೇ ಖಾಲಿ ಟ್ರೈಲರ್ ಕೆಳಗೆ ಬಿಟ್ಟುಬನ್ನಿ. ಇದನ್ನ ಮರೆತವನು ಕೆಳಗೆ ತಲುಪಿ, ದೋಣಿ ಹೆಗಲ ಮೇಲೆ ಹೊತ್ಕೊಂಡು ಬರ್ಬೇಕಾಗತ್ತೆ. ಶುದ್ಧ ಹೆಡ್ಡ.”

“ಹೆಡ್ಡ,” ಎಂದಳು ಗರಗಸ.

ಅವಳು ಬೆನ್ನನ್ನು ಕುರ್ಚಿಗೆ ಒರಗಿಸಿದಳು. ಮಡಿಸಿಟ್ಟಿದ್ದ ನಾಲಿಗೆಯನ್ನು ಬಿಚ್ಚುವ ಹೊತ್ತು ಬಂದಿತ್ತು.

“ಹಾಗಾದ್ರೆ ಆರ್ಕಿಟೆಕ್ಟರೇ, ಚಮಚ ಮರೆಯದ ನೀವು ಟ್ರೈಲರ್ ಯಾಕೆ ಮರೆತ್ರಿ?”

“ಏನಂದ್ರಿ?”

“ಟ್ರೈಲರ್ ಮೇಲಿನ ಕಟ್ಟೇಲೇ ನಿಂತಿದೆ. ಬೆಳಿಗ್ಗೆ ನಾನೇ ಹೋಗಿ ನೋಡ್ಕೊಂಡು ಬಂದೆ. ಎರಡು ದೋಣಿಗಳ ನಡುವೆ, ಒಂದು ಗೇಣು ಜಾಗ ಬಿಟ್ಟು, ಹಿಮ್ಮುಖವಾಗಿ, ಎಷ್ಟು ಅಚ್ಚುಕಟ್ಟಾಗಿ ನಿಲ್ಲಿಸಿದೀರ. ಕೆಳಗೆ ಯಾಕೆ ಕಳಿಸಲಿಲ್ಲ? ಕೆಳಗಿನ ಕಟ್ಟೆಗೆ ದೋಣಿ ಬರೋದೇ ಇಲ್ಲ ಅಂತ ಒಬ್ಬರಿಗೆ ಮೊದಲೇ ಗೊತ್ತಿತ್ತು. ಅದಕ್ಕೆ.”

ನಿಜ ಹೇಳಬೇಕೆಂದರೆ ಕಟ್ಟೆಯ ಆ ಅಂಗಳದಲ್ಲಿ ಅವಳಿಗೆ ಮೆಚ್ಚುಗೆಯೇ ಆಗಿತ್ತು. ಅದು ಅವಳಿಗೆ ಅಪರೂಪದ ಕಾಯಿಲೆ. ಇಳಿಜಾರಿನಲ್ಲಿ ಟ್ರೈಲರ್ ಉರುಳದಂತೆ ಚಕ್ರಕ್ಕೆ ಇಟ್ಟಿಗೆ ಕೊಟ್ಟಿದ್ದರು. ಇಟ್ಟಿಗೆಗೆ ಗೋಣಿಯ ತುಂಡು ಸುತ್ತಿ, ಹುರಿಯಿಂದ ಬಿಗಿದಿದ್ದರು. ಲಾರಿ ಓಡಿಸುತ್ತಿದ್ದ ಅವಳ ಅಪ್ಪ ಹೀಗೇ ಸುತ್ತುತ್ತಿದ್ದ. ಈ ಕಾಲದಲ್ಲೂ ಇಷ್ಟು ಮುತುವರ್ಜಿ ಇರುವ ಮನುಷ್ಯ ಒಬ್ಬ ಉಳಿದಿದ್ದಾನೆ, ಅವನು ಕೊಲೆಗಾರನಾದದ್ದು ದುರದೃಷ್ಟ ಎಂದುಕೊಂಡು, ಅಲ್ಲಿಂದ ನೇರವಾಗಿ ಊರಿನ ಅತಿ ಮುತುವರ್ಜಿಯ ಮನುಷ್ಯನ ಆಫೀಸಿಗೆ ಬಂದಿದ್ದಳು.

ಅವಳನ್ನು ಆ ಅಂಗಳಕ್ಕೆ ಕಳಿಸಿದ್ದು ತಮ್ಮನ ಪೆದ್ದು ಮಾತು. “ಅಕ್ಕಾ, ಪಾಪ ಆ ಟ್ರೈಲರ್ ಮೇಲಿನ ಕಟ್ಟೇಲೇ ಬಿಸಿಲಲ್ಲಿ ಒಣಗ್ತಿರ್ಬೇಕು,” ಎಂದಿದ್ದ ಲಾಕಪ್ಪಿನಿಂದ ಹೊರಬರುತ್ತಾ. ತಲೆಯ ಮೇಲೆ ಕೊಲೆ ಕೇಸು ಕೂತಿರುವಾಗ ಟ್ರೈಲರಿನ ಚಿಂತೆ. ಬೈಯಬೇಕೆಂದು ಬಾಯಿ ತೆರೆದವಳು ಅಲ್ಲೇ ನಿಂತಿದ್ದಳು. ದಡ್ಡನ ಬಾಯಿಂದ ಎಂಥ ಸುಳಿವು.

ಆರ್ಕಿಟೆಕ್ಟ್ ಬೆವರಲಿಲ್ಲ. ಸಿಟ್ಟಾಗಲೂ ಇಲ್ಲ. ಅವನು ನಿಧಾನವಾಗಿ ಪೆನ್ಸಿಲ್ ಕೆಳಗಿಟ್ಟ, ಅದು ನಕಾಶೆಯ ಅಂಚಿಗೆ ಸಮವಾಗಿದೆಯೇ ನೋಡಿದ, ಆಮೇಲೆ ಅವಳನ್ನು ಮನೆಗೆ ಸಾಮಾನು ಮಾರಲು ಬಂದವರನ್ನು ನೋಡುವ ಹಾಗೆ ನೋಡಿದ.

“ಇಲಾಖೇಲಿ ಎಷ್ಟು ವರ್ಷ ಇದ್ರಿ ಮೇಡಂ?”

“ನಿಮ್ಮಂಥೋರನ್ನ ಗುರುತು ಹಿಡಿಯೋಕೆ ಸಾಕಾಗೋಷ್ಟು.”

“ಸಾಕಾಗಿಲ್ಲ. ಶುಕ್ರವಾರ ದೋಣಿ ನೀರಿಗೆ ಬಿಟ್ಟು ಕಟ್ಟಿದ್ವಿ. ಖಾಲಿ ಟ್ರೈಲರನ್ನ ಸಂಜೆ ನಾನೇ ನನ್ನ ಕಾರಿಗೆ ಕಟ್ಕೊಂಡು ಕೆಳಗಿನ ಕಟ್ಟೆಗೆ ಬಿಟ್ಟುಬಂದೆ. ಅದರಿಂದಾನೇ ಬೆನ್ನು ಹಿಡ್ಕೊಂಡದ್ದು. ಹೋಗ್ಬೇಕಾದ ಜಾಗಕ್ಕೆ ಹೋಗದ ವಸ್ತು ನನ್ನ ಪ್ಲಾನಲ್ಲಿ ಯಾವುದೂ ಇರಲ್ಲ.”

“ಬಾಯಿಮಾತು.”

“ಬಾಯಿಮಾತಲ್ಲ.” ಅವನು ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ಮಧ್ಯೆ ಇಟ್ಟ. “ಕೆಳಗಿನ ಕಟ್ಟೆ ಕಾವಲಿನವನು. ನಾನು ಒಂದು ಮಾತೂ ಹೇಳ್ಕೊಡಲ್ಲ. ನೀವೇ ಕೇಳಿ.”

ಅದೇ ಹೊತ್ತಿಗೆ ಪಕ್ಕದ ಬಾಗಿಲು ತೆರೆದು ಡಾಕ್ಟರ ಹೆಂಡತಿ ಟೀ ತಟ್ಟೆ ಹಿಡಿದು ಬಂದಳು. ಅತ್ತು ಕಣ್ಣು ಕೆಂಪಾಗಿದ್ದ ಹೆಂಗಸು ಸದ್ದಿಲ್ಲದೆ ಲೋಟಗಳನ್ನು ಇಡತೊಡಗಿದಳು. ಗರಗಸ ಅವಳತ್ತ ತಿರುಗಿಯೂ ನೋಡಲಿಲ್ಲ. ಗಂಡ ಅಷ್ಟು ಮಂದಿಯೆದುರು ಉಗಿದರೂ ಒಂದು ಮಾತು ತಿರುಗಿ ಆಡದವಳ ಬಗ್ಗೆ ಅವಳಿಗೆ ಕನಿಕರಕ್ಕಿಂತ ಅಸಡ್ಡೆಯೇ ಹೆಚ್ಚಿತ್ತು.

“ಹಲೋ,” ಎಂದಿತು ಫೋನು. ಹಿಂದೆ ನೀರಿನ ಸದ್ದು.

“ಪೊಲೀಸ್ ಕಡೆಯಿಂದ ಮಾತಾಡ್ತಿರೋದು,” ಎಂದಳು ಗರಗಸ, ಹಳೇ ಅಧಿಕಾರದ ದನಿಯಲ್ಲಿ. “ಹಲ್ಲಿನ ಡಾಕ್ಟರ ಟ್ರೈಲರ್ ನಿಮ್ಮ ಕಟ್ಟೆಗೆ ಬಂದಿತ್ತಾ?”

“ಬಂದಿತ್ತಲ್ಲ. ಶುಕ್ರವಾರ ಸಂಜೆ. ಆರ್ಕಿಟೆಕ್ಟ್ ಸಾಹೇಬ್ರೇ ಬಿಟ್ಟುಹೋದ್ರು. ಅದನ್ನ ಹೆಂಗೆ ನಿಲ್ಲಿಸ್ಬೇಕು ಅಂತ ನಂಗೆ ಅರ್ಧ ಗಂಟೆ ಪಾಠ ಮಾಡಿದ್ರು.”

ಆರ್ಕಿಟೆಕ್ಟ್ ಟೀ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದ. ಅವನು ನಗಲಿಲ್ಲ, ಅದೇ ಹೆಚ್ಚು ಉರಿಸಿತು.

“ಮತ್ತೆ ಅದು ಮೇಲಕ್ಕೆ ಹೇಗೆ ಹೋಯ್ತು?”

“ಶನಿವಾರ ಊಟ ಆದ್ಮೇಲೆ ಬಂದು ತಗೊಂಡು ಹೋದ್ರಲ್ಲ. ಡಾಕ್ಟರ ಮನೆ ಅಮ್ಮಾವ್ರ ಜೀಪು. ಟ್ರೈಲರ್ ಬೀಗದ ಕೀನೂ ಅವರ ಹತ್ರಾನೇ ಇತ್ತು. ಪ್ಲಾನ್ ಬದಲಾಗಿದೆ, ಸಾಹೇಬ್ರೇ ಕಳಿಸಿದ್ದು ಅಂದ್ರು. ನಾನು ಬಿಟ್ಟೆ.”

ಶನಿವಾರ ಊಟದ ನಂತರ. ದೋಣಿ ಮಗುಚಿದ ಸುದ್ದಿ ಯಾರಿಗೂ ಗೊತ್ತಿಲ್ಲದ ಹೊತ್ತು. ಗರಗಸ ಮುಂದಕ್ಕೆ ಬಾಗಿದಳು. “ಜೀಪಲ್ಲಿ ಬಂದೋರು ಯಾರು? ಅಮ್ಮಾವ್ರಾ?”

“ಇಲ್ಲ ಇಲ್ಲ, ಗಂಡಸು. ಒಬ್ಬರೇ. ಹೆಸರು ನಾನು ಕೇಳ್ಲಿಲ್ಲ. ಆದ್ರೆ ಕೈ ಅಂದ್ರೆ ಕೈ ಮೇಡಂ ಅದು. ಇಲ್ಲಿ ಜಾಗಾನೇ ಇರಲಿಲ್ಲ, ಒಂದೇ ಏಟಿಗೆ ಜೀಪು ರಿವರ್ಸ್ ತಂದು ಟ್ರೈಲರ್ ಕೊಕ್ಕೆ ಮುಂದೆ ನಿಲ್ಲಿಸಿಬಿಟ್ರು. ನಮ್ಮ ಸಾಹೇಬ್ರು ಅದಕ್ಕೇ ಹತ್ತು ಸಲ ಹಿಂದೆ ಮುಂದೆ ಮಾಡಿದ್ರು.”

ಆರ್ಕಿಟೆಕ್ಟ್ ಲೋಟ ಕೆಳಗಿಟ್ಟ.

“ಇನ್ನೇನಾದ್ರೂ ಗುರುತು?” ಎಂದಳು ಗರಗಸ. ಅವಳ ದನಿ ತುಸು ತಗ್ಗಿತ್ತು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

“ಗುರುತು ಅಂದ್ರೆ... ಹಾಂ. ಹೊರಡೋವಾಗ ಎರಡು ಇಟ್ಟಿಗೆ ಕೇಳಿದ್ರು, ಮೇಲ್ಗಡೆ ಇಳಿಜಾರಲ್ಲಿ ಚಕ್ರಕ್ಕೆ ಕೊಡೋಕೆ. ಕೊಟ್ಟೆ. ಆಮೇಲೆ ಗೋಣಿ ತುಂಡು ಬೇಕು ಅಂದ್ರು. ಇಟ್ಟಿಗೆಗೂ ಬಟ್ಟೆ ತೊಡಿಸ್ತೀರಾ ಅಂತ ನಾನು ನಕ್ಕೆ. ಬರೀ ಇಟ್ಟಿಗೆ ಟೈರನ್ನ ತಿಂದುಹಾಕತ್ತೆ ಅಂತ ಅವರಪ್ಪ ಹೇಳ್ತಿದ್ರಂತೆ. ಅಪ್ಪ ಲಾರಿ ಓಡಿಸ್ತಿದ್ರಂತೆ. ಕಾಲಿಗೆ ಒಂದೇ ಚಪ್ಪಲಿ ಇತ್ತು, ಪಾಪ. ಇನ್ನೊಂದು ನೀರುಪಾಲಾಯ್ತು ಅಂದ್ರು.”

ಫೋನು ಎರಡು ಸಲ ಹಲೋ ಹಲೋ ಎಂದು ಸುಮ್ಮನಾಯಿತು.

ಚಿಕ್ಕಂದಿನಲ್ಲಿ ಅಪ್ಪನ ಲಾರಿಯ ಮುಂದಿನ ಸೀಟು ಯಾರದ್ದಾಗಿತ್ತು ಎಂದು ಅವಳಿಗೆ ಈಗ ನೆನಪಾಯಿತು. ಅವಳಿಗೆ ಶಾಲೆ, ಪರೀಕ್ಷೆ, ಬಹುಮಾನ. ಓದು ಹತ್ತದ ತಮ್ಮನಿಗೆ ರಜೆಯಿಡೀ ಲಾರಿ. ಅಪ್ಪ ಅವನ ಕೈಗೆ ಸ್ಟೇರಿಂಗ್ ಕೊಟ್ಟಿರಲಾರನೇ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳು ಒಂದು ದಿನವೂ ಕೇಳಿರಲಿಲ್ಲ. ಕೇಳುವುದಕ್ಕೇನಿದೆ, ಅವನಿಗೆ ಏನೂ ಬರುವುದಿಲ್ಲವಲ್ಲ.

ಟ್ರೈಲರ್ ಶುಕ್ರವಾರವೇ ಕೆಳಗೆ ಹೋದದ್ದು ದೋಣಿಯಲ್ಲಿದ್ದ ಇಬ್ಬರಿಗೂ ಗೊತ್ತು. ಅದು ಮೇಲಿನ ಕಟ್ಟೆಯಲ್ಲಿದೆ ಎಂದು ಲಾಕಪ್ಪಿನಲ್ಲಿ ಕೂತವನಿಗೆ ಗೊತ್ತಾದದ್ದು ಹೇಗೆ? ಪೆದ್ದು ಮಾತಲ್ಲ ಅದು. ಅಕ್ಕ ಅಂಗಳಕ್ಕೆ ಹೋಗುತ್ತಾಳೆ, ಟ್ರೈಲರ್ ನೋಡುತ್ತಾಳೆ, ಅಲ್ಲಿಂದ ಆರ್ಕಿಟೆಕ್ಟ್‌ನ ಕುತ್ತಿಗೆಗೆ ಬೀಳುತ್ತಾಳೆ. ಅಕ್ಕ ತನ್ನನ್ನು ಎಂದೂ ಅನುಮಾನಿಸುವುದಿಲ್ಲ, ಅಷ್ಟು ಬುದ್ಧಿ ತನಗಿದೆ ಎಂದು ಅವಳು ಒಪ್ಪಿಕೊಂಡರೆ ತಾನೇ. ಅವನು ಪ್ಲಾನ್ ಹಾಕಿದ್ದ. ಆ ಪ್ಲಾನಿನಲ್ಲಿ ಚಮಚ, ಹಗ್ಗ, ಬೆಂಕಿಪೊಟ್ಟಣದ ಜೊತೆಗೆ ಅವಳೂ ಒಂದು ಸಾಮಾನಾಗಿದ್ದಳು.

“ನಿಮ್ಮ ತಂದೆ ಏನ್ ಕೆಲಸ ಮಾಡ್ತಿದ್ರು ಮೇಡಂ?” ಎಂದು ಆರ್ಕಿಟೆಕ್ಟ್ ಮೆಲ್ಲಗೆ ಕೇಳಿದ.

ಅವಳು ಕೆಳಗೆ ಎಂಜಿನ್ ಶುರುವಾದ ಸದ್ದು ಕೇಳಿ ಎದ್ದು ಕಿಟಕಿಗೆ ಹೋದಳು.

ಓಣಿಯಲ್ಲಿ ಅವಳ ಕಾರು ಹಿಂದಕ್ಕೆ ಹೋಗುತ್ತಿತ್ತು. ಆ ಕಡೆ ಗೋಡೆ, ಈ ಕಡೆ ಮರಳಿನ ಗುಡ್ಡೆ, ಎರಡಕ್ಕೂ ಒಂದು ಗೇಣು ಬಿಟ್ಟು, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹೋಗುತ್ತಿತ್ತು. ತಮ್ಮ ಒಂದು ಕೈ ಸೀಟಿನ ಮೇಲೆ ಚಾಚಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿ ಕೂತಿದ್ದ. ಅಪ್ಪ ಕೂರುತ್ತಿದ್ದದ್ದು ಹಾಗೆಯೇ.

“ರಿವರ್ಸ್ ಚೆನ್ನಾಗೇ ಬರತ್ತಲ್ಲ,” ಎಂದ ಆರ್ಕಿಟೆಕ್ಟ್, ಅವಳ ಭುಜದ ಹಿಂದೆ ಬಂದು ನಿಂತು. ಅವನ ದನಿಯಲ್ಲಿ ತಿರಸ್ಕಾರ ತುಂಬಿ ತುಳುಕುತ್ತಿತ್ತು. “ಹಲ್ಲುಜ್ಜೋದು ಮರೆಯೋ ತಮ್ಮ ಅಂತ ಠಾಣೇಲಿ ಹೇಳಿದ್ರಂತೆ. ಇಂಥ ಬುದ್ಧಿವಂತನ್ನ ಮನೇಲಿ ಇಟ್ಕೊಂಡು ನನ್ನ ಚಮಚ ಎಣಿಸೋಕೆ ಬಂದ್ರಲ್ಲ ಮೇಡಂ, ನೀವು...”

ಅವನು ಕಿಟಕಿಗೆ ಮುಖ ಒತ್ತಿದ.

ಓಣಿಯ ಬಾಯಿಗೆ ತಲುಪಿದ ಕಾರು ತಿರುಗಿತು. ಬಿಸಿಲು ಗಾಜಿನ ಮೇಲಿಂದ ಸರಿದಾಗ ಪಕ್ಕದ ಸೀಟಿನಲ್ಲಿ ಕೂತವಳ ಮುಖ ಇಬ್ಬರಿಗೂ ಕಂಡಿತು. ಅವಳು ಅಳುತ್ತಿರಲಿಲ್ಲ. ಆರ್ಕಿಟೆಕ್ಟ್ ಹಿಂದಕ್ಕೆ ತಿರುಗಿ ತಂಗಿಯಿದ್ದ ಕೋಣೆಯ ಬಾಗಿಲನ್ನು ನೋಡಿದ. ಅದು ಹಾರುಹೊಡೆದಿತ್ತು, ಬರಿದಾದ ಟೀ ತಟ್ಟೆ ನದಿಯ ನಕಾಶೆಯ ಮೇಲೆ ಹಾಗೇ ಬಿದ್ದಿತ್ತು.